ಅರಬ್ಬರ ಅಜ್ಜಿಕಥೆಗಳು: ಕಥೆ ಹೆಂಗೆ ಕಟ್ತಾರೆ, ಯಾವ ಪಾತ್ರ ಏನು ಮಾಡುತ್ತೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಈ ವಿಷಯ ಎತ್ತಿದಾಗೆಲ್ಲ ಅವವೇ ಪ್ರಶ್ನೆ ತಿರುಗಿ ತಿರುಗಿ ಬರ್ತಾವೆ. ಗಲ್ಫಲ್ಲಿರೋ ಸ್ನೇಹಿತರು ಕೇಳ್ತಾರೆ, ಮಕ್ಕಳಿಗೆ ರಾತ್ರಿ ಕಥೆ ಹೇಳೋ ಅಮ್ಮಂದಿರು ಕೇಳ್ತಾರೆ, ಜಾನಪದ ಎಂಎ ಮಾಡ್ತಿರೋ ಹುಡುಗರಂತೂ ಎಕ್ಸಾಮ್ ಹಿಂದಿನ ದಿನಾನೇ ಕೇಳ್ತಾರೆ. ಒಬ್ಬೊಬ್ರಿಗೂ ಬೇರೆ ಬೇರೆ ಟೈಪ್ ಮಾಡಿ ಸಾಕಾಯ್ತು, ಅದಕ್ಕೇ ಎಲ್ಲ ಒಂದೇ ಕಡೆ ಹಾಕ್ತಿದೀನಿ. ಪ್ರಶ್ನೆಗಳನ್ನ ಕೇಳಿದವರ ಮಾತಲ್ಲೇ ಬಿಟ್ಟಿದೀನಿ.

## ಶುರುವಲ್ಲಿ ಕೇಳೋವು

ಅರೇಬಿಕ್ ಜನಪದ ಕಥೆ ಅಂದ್ರೆ ಅರೇಬಿಯನ್ ನೈಟ್ಸ್ ತಾನೆ? ಅದು ಬಿಟ್ಟು ಬೇರೆ ಇದ್ಯಾ?

ರಾಶಿ ಇದೆ. ಅರೇಬಿಯನ್ ನೈಟ್ಸ್, ಅಂದ್ರೆ ಅಲ್ಫ್ ಲೈಲಾ ವ ಲೈಲಾ, ಅದೊಂದು ಪುಸ್ತಕ. ಪರ್ಷಿಯಾದ ಕಡೆಯಿಂದ ಬಂದ ಒಂದು ಚೌಕಟ್ಟಿಗೆ, ಅಂದ್ರೆ ಬೇರೆ ಕಥೆಗಳನ್ನ ತನ್ನೊಳಗೆ ಹಿಡಿದಿಡೋ ಹೊರಗಿನ ಕಥೆಗೆ, ಬಾಗ್ದಾದಲ್ಲಿ ಒಂದಿಷ್ಟು, ಕೈರೋದಲ್ಲಿ ಒಂದಿಷ್ಟು ಕಥೆ ಸೇರಿಸ್ಕೊಂಡು ಶತಮಾನಗಟ್ಟಲೆ ಊದಿದ ಪುಸ್ತಕ. ಅರಬ್ ಪಂಡಿತರು ಇದಕ್ಕೆ ಮರ್ಯಾದೆ ಕೊಡ್ತಿರಲಿಲ್ಲ, 10ನೇ ಶತಮಾನದ ಬಾಗ್ದಾದಿನ ಇಬ್ನ್ ಅಲ್ ನದೀಮ್ ಇದರ ಪರ್ಷಿಯನ್ ಮೂಲದ ಬಗ್ಗೆ ಬರೀತಾ ಸಪ್ಪೆ ಪುಸ್ತಕ ಅಂತ ಮೂಗು ಮುರಿದಿದ್ದಾನೆ. ಮನೆಯಲ್ಲಿ ಅಜ್ಜಿ ಹೇಳೋ ಕಥೆ ಬೇರೆ, ಅದಕ್ಕೆ ಪ್ಯಾಲೆಸ್ಟೈನಲ್ಲಿ ಹಿಕಾಯೆ ಅಂತಾರೆ, ಈಜಿಪ್ಟಲ್ಲಿ ಹದ್ದೂತಾ ಅಂತಾರೆ. ಚಳಿಗಾಲದ ರಾತ್ರಿ, ಹೊಲದ ಕೆಲಸ ಇಲ್ಲದಾಗ, ವಯಸ್ಸಾದ ಹೆಂಗಸರು ಬೇರೆ ಹೆಂಗಸರಿಗೆ ಮಕ್ಕಳಿಗೆ ಹೇಳೋದು. ಪ್ಯಾಲೆಸ್ಟೈನಿನ ಈ ಕಥೆಗಳನ್ನ ಇಬ್ರಾಹಿಂ ಮುಹಾವಿ, ಶರೀಫ್ ಕನಾನಾ ಅನ್ನೋ ಇಬ್ಬರು ರೆಕಾರ್ಡ್ ಮಾಡಿ ಅದರಲ್ಲಿ 45 ಕಥೆ ಆರಿಸಿ 1989ರಲ್ಲಿ ಇಂಗ್ಲಿಷಲ್ಲಿ ತಂದ್ರು, ಆಮೇಲೆ 2008ರಲ್ಲಿ ಹಿಕಾಯೆ ಯುನೆಸ್ಕೋ ಪಟ್ಟಿಗೂ ಸೇರ್ತು. ನಾನು ಕೆಳಗೆ ಹೇಳೋದ್ರಲ್ಲಿ ಅರ್ಧ ಈ ಮನೆಕಥೆಗಳೇ.

ಅಲ್ಲಾದೀನ್ ಜಿನ್ ಮೂರೇ ವರ ಕೊಡೋದಾ?

ಅಲ್ಲ. ಮೂಲ ಕಥೆಯಲ್ಲಿ ಲೆಕ್ಕಾನೇ ಇಲ್ಲ, ದೀಪ ಉಜ್ಜಿದಷ್ಟು ಸಲ ಬರುತ್ತೆ. ಅಷ್ಟೇ ಅಲ್ಲ, ಜಿನ್‌ಗಳು ಎರಡು, ಒಂದು ದೀಪದ್ದು, ಇನ್ನೊಂದು ಉಂಗುರದ್ದು, ಉಂಗುರದ್ದು ಸ್ವಲ್ಪ ಜೂನಿಯರ್. ಇನ್ನೂ ಒಂದು ಹೇಳಿದ್ರೆ ತುಂಬಾ ಜನಕ್ಕೆ ಬೇಜಾರಾಗುತ್ತೆ: ಅಲ್ಲಾದೀನ್, ಆಲಿಬಾಬಾ ಎರಡೂ ಹಳೇ ಅರೇಬಿಕ್ ಹಸ್ತಪ್ರತಿಗಳಲ್ಲಿ ಇಲ್ಲ. ಅಲೆಪ್ಪೋ ಊರಿನ ಹನ್ನಾ ದಿಯಾಬ್ ಅನ್ನೋ ಹುಡುಗ 1709ರಲ್ಲಿ ಪ್ಯಾರಿಸಲ್ಲಿ ಆಂಟೊಯಿನ್ ಗ್ಯಾಲಾಂಗೆ ಬಾಯಲ್ಲಿ ಹೇಳಿದ್ದು, ಗ್ಯಾಲಾಂ ತನ್ನ ಫ್ರೆಂಚ್ ಅನುವಾದಕ್ಕೆ ಸೇರಿಸ್ಕೊಂಡ. ಹಂಗಂತ ಅದು ನಕಲಿ ಅಂತ ನಾನಂತೂ ಹೇಳಲ್ಲ. ಸಿರಿಯಾದವನು ಬಾಯಲ್ಲಿ ಹೇಳಿದ ಕಥೆ ಜನಪದ ಅಲ್ಲದೆ ಇನ್ನೇನು.

ನಮ್ಮ ಆಫೀಸಲ್ಲಿ ಈಜಿಪ್ಟಿನವನು ಏನೇ ಹಳೇ ವಿಷಯ ಹೇಳೋಕೆ ಮುಂಚೆ "ಕಾನ್ ಯಾ ಮಾ ಕಾನ್" ಅಂತಾನೆ, ಏನದು?

ನಮ್ಮ "ಒಂದಾನೊಂದು ಊರಲ್ಲಿ" ಇದ್ದಂಗೆ. ಆದ್ರೆ ಅರ್ಥ ತುಸು ಕಿಲಾಡಿ, "ಇತ್ತು, ಏನೇನೆಲ್ಲ ಇತ್ತು" ಅಂತಾನೂ ಬಿಡಿಸಬಹುದು, "ಇತ್ತೋ, ಇರಲಿಲ್ವೋ" ಅಂತಾನೂ ಬಿಡಿಸಬಹುದು. ಅಂದ್ರೆ ಮೊದಲ ಸಾಲಲ್ಲೇ ಹೇಳೋರು ಜವಾಬ್ದಾರಿ ಕೊಡವಿಕೊಂಡಾಯ್ತು. ಪ್ಯಾಲೆಸ್ಟೈನಿನ ಅಜ್ಜಿ ಮೊದಲು "ದೇವರು ಒಬ್ಬನೇ ಅನ್ನಿ" ಅಂತಾಳೆ, ಕೇಳೋರು "ಲಾ ಇಲಾಹ ಇಲ್ಲಲ್ಲಾಹ್" ಅಂತಾರೆ, ಆಮೇಲೇ ಕಥೆ. ಮುಗಿಸುವಾಗ "ಹಕ್ಕಿ ಹಾರಿಹೋಯ್ತು, ನಿಮ್ಮೆಲ್ಲರ ಸಂಜೆ ಚೆನ್ನಾಗಿರ್ಲಿ" ಅಂತ ಬರುತ್ತೆ, ಅರೇಬಿಕಲ್ಲಿ ಅದು ಪ್ರಾಸ. ಈಜಿಪ್ಟಲ್ಲಿ "ತೂತಾ ತೂತಾ, ಮುಗೀತು ಹದ್ದೂತಾ" ಅಂದು, ಚೆನ್ನಾಗಿತ್ತಾ ಇಲ್ವಾ ಅಂತ ಮಕ್ಕಳನ್ನೇ ಕೇಳ್ತಾರೆ. ಈ ಸಾಲುಗಳು ಬಾಗಿಲು ಇದ್ದಂಗೆ. ಒಳಗೆ ಹೋದ್ಮೇಲೆ ಮನುಷ್ಯರನ್ನ ತಿನ್ನೋ ಘೂಲ್ ಇರಬಹುದು, ಮಾತಾಡೋ ಪಾತ್ರೆ ಇರಬಹುದು, ಯಾರೂ ಕೇಳಂಗಿಲ್ಲ.

ಜುಹಾ ಅಂದ್ರೆ ಮುಲ್ಲಾ ನಸ್ರುದ್ದೀನೇ ಅಲ್ವಾ?

ಈಗ ಇಬ್ಬರೂ ಬೆರೆತುಹೋಗಿದಾರೆ, ಆದ್ರೆ ಜುಹಾ ಹೆಸರು ಅರೇಬಿಕಲ್ಲಿ 9ನೇ ಶತಮಾನದಷ್ಟು ಹಿಂದೆಯೇ ಸಿಗುತ್ತೆ. ಅವನ ಕಥೆಗೆ ಚೌಕಟ್ಟೂ ಇಲ್ಲ, ಪ್ರಯಾಣವೂ ಇಲ್ಲ, ಒಂದೇ ಏಟು. ಮನೆ ಮಾರ್ತಾನೆ, ಗೋಡೆಯಲ್ಲಿರೋ ಒಂದು ಮೊಳೆ ಮಾತ್ರ ನಂದು ಅಂತ ಪತ್ರದಲ್ಲಿ ಬರೆಸ್ಕೊಳ್ತಾನೆ. ಆಮೇಲೆ ಮೊಳೆ ನೋಡೋಕೆ ಬಂದೆ ಅಂತ ಊಟದ ಹೊತ್ತಿಗೆ ಕರೆಕ್ಟಾಗಿ ಬರ್ತಾನೆ, ನನ್ನ ಮೊಳೆ ನೆರಳಲ್ಲೇ ಮಲಗ್ತೀನಿ ಅಂತಾನೆ, ಕೊನೆಗೆ ಕೊಂಡವನೇ ಮನೆ ಬಿಟ್ಟು ಓಡ್ತಾನೆ. ಅರಬ್ ಪೇಪರುಗಳಲ್ಲಿ ರಾಜಕೀಯದವರು ಕುಂಟುನೆಪ ಹೇಳಿದಾಗ ಈಗ್ಲೂ "ಜುಹಾನ ಮೊಳೆ" ಅಂತ ಬರೀತಾರೆ. ಇವನು ಪೆದ್ದನಾ ಪಾಕಡಾನಾ ಅಂತ ಕೇಳಬೇಡಿ, ಎದುರಿಗೆ ಯಾರಿದಾರೆ ಅನ್ನೋದರ ಮೇಲೆ ಅದು.

## ಸ್ವಲ್ಪ ಓದಿದೋರು ಕೇಳೋವು

ಕಥೆಯೊಳಗೆ ಕಥೆ, ಅದರೊಳಗೆ ಇನ್ನೊಂದು ಕಥೆ, ತಲೆ ಕೆಡುತ್ತೆ. ಯಾಕೆ ಹಿಂಗೆ ಮಾಡ್ತಾರೆ?

ಅರೇಬಿಯನ್ ನೈಟ್ಸಲ್ಲಿ ಕಥೆ ಅನ್ನೋದು ದುಡ್ಡು. ಕಥೆ ಕೊಟ್ಟು ಜೀವ ಕೊಂಡ್ಕೊಳ್ಳೋದು. ಇದೊಂದು ಹಿಡ್ಕೊಂಡ್ರೆ ಗೋಜಲು ಅರ್ಧ ಬಿಡಿಸಿಕೊಳ್ಳುತ್ತೆ.

ಹೊರಗಿನ ಕಥೆ ಇಷ್ಟು: ಒಬ್ಬ ರಾಜ ದಿನಾ ಒಬ್ಬಳನ್ನ ಮದುವೆಯಾಗಿ ಬೆಳಗಾದ್ರೆ ಕೊಲ್ಲಿಸ್ತಾನೆ, ಅವನನ್ನ ಮದುವೆಯಾದ ಶಹರಜಾದ್ ರಾತ್ರಿ ರಾತ್ರಿ ಕಥೆ ಹೇಳಿ ಜೀವ ಉಳಿಸ್ಕೊಳ್ತಾಳೆ. ಅವಳು ಹೇಳೋ ಮೊದಲನೇ ಕಥೆ ನೋಡಿ. ಒಬ್ಬ ವ್ಯಾಪಾರಿ ಖರ್ಜೂರ ತಿಂದು ಬೀಜ ಎಸೀತಾನೆ, ಅದು ಕಣ್ಣಿಗೆ ಕಾಣದ ಒಂದು ಜಿನ್ ಮಗುವಿಗೆ ತಾಗಿ ಸತ್ತುಹೋಗುತ್ತೆ. ಅಪ್ಪ ಜಿನ್ ಕತ್ತಿ ಹಿಡ್ಕೊಂಡು ಬಂದು ನಿನ್ನ ಕೊಲ್ತೀನಿ ಅನ್ನುತ್ತೆ. ಆಗ ಆ ದಾರೀಲಿ ಮೂರು ಜನ ಮುದುಕರು ಬರ್ತಾರೆ, ಒಬ್ಬನ ಜೊತೆ ಜಿಂಕೆ, ಇನ್ನೊಬ್ಬನ ಜೊತೆ ಎರಡು ಕರಿನಾಯಿ. ನನ್ನ ಕಥೆ ನಿಂಗೆ ಆಶ್ಚರ್ಯ ಅನ್ನಿಸಿದ್ರೆ ಇವನ ರಕ್ತದಲ್ಲಿ ಮೂರನೇ ಒಂದು ಪಾಲು ನಂಗೆ ಬಿಟ್ಟುಕೊಡ್ತೀಯಾ ಅಂತ ಮೊದಲನೆಯವನು ಚೌಕಾಸಿ ಮಾಡ್ತಾನೆ, ಜಿನ್ ಒಪ್ಪುತ್ತೆ. ಮೂರು ಮುದುಕರು, ಮೂರು ಕಥೆ, ಮೂರು ಪಾಲು, ವ್ಯಾಪಾರಿ ಮನೆಗೆ ಹೋದ. ಈಗ ಇದನ್ನ ಯಾರು ಯಾರಿಗೆ ಹೇಳ್ತಿದಾರೆ ನೋಡಿ: ಬೆಳಗಾದ್ರೆ ತಲೆ ಹೋಗೋ ಹೆಂಗಸು, ತಲೆ ತೆಗೆಸೋ ರಾಜನಿಗೆ. "ಕಥೆ ಚೆನ್ನಾಗಿದ್ರೆ ಬಿಟ್ಟುಬಿಡಬೇಕು" ಅನ್ನೋ ಪಾಠಾನ ಅವನ ಕಿವಿಗೆ ಮೊದಲ ರಾತ್ರಿಯಿಂದಲೇ ಹಾಕ್ತಿದಾಳೆ, ನೇರವಾಗಿ ಒಂದು ಮಾತೂ ಕೇಳದೆ.

ಗೂನುಬೆನ್ನಿನವನ ಕಥೆಯಲ್ಲಿ ಇದು ತುದಿಗೇ ಹೋಗುತ್ತೆ. ದರ್ಜಿ ಮನೇಲಿ ಊಟಕ್ಕೆ ಕೂತವನು ಮೀನಿನ ಮುಳ್ಳು ಸಿಕ್ಕಿ ಬಿದ್ದ, ದರ್ಜಿ ಹೆದರಿ ಹೆಣಾನ ಡಾಕ್ಟರ್ ಮನೇಲಿಟ್ಟ, ಅವನು ಪಕ್ಕದ ಮನೆಗೆ ಸಾಗಿಸಿದ, ಹಿಂಗೆ ನಾಲ್ಕು ಜನ ಕೊಲೆ ಕೇಸಲ್ಲಿ ಸಿಕ್ಕಿಬಿದ್ರು. ಇದಕ್ಕಿಂತ ವಿಚಿತ್ರವಾದ ಕಥೆ ಹೇಳಿದ್ರೆ ಬಿಡ್ತೀನಿ ಅಂತ ರಾಜ. ದರ್ಜಿ ಹೇಳೋ ಕಥೆಯೊಳಗೆ ಒಬ್ಬ ಕುಂಟ ಹುಡುಗ, ಅವನ ಕಥೆಯೊಳಗೆ ಒಬ್ಬ ವಾಚಾಳಿ ಕ್ಷೌರಿಕ, ಕ್ಷೌರಿಕನ ಬಾಯಲ್ಲಿ ಅವನ ಆರು ಜನ ಅಣ್ಣಂದಿರ ಕಥೆ. ಕೊನೆಗೆ ಆ ಕ್ಷೌರಿಕನೇ ಆಸ್ಥಾನಕ್ಕೆ ಬಂದು ಗೂನುಬೆನ್ನಿನವನ ಗಂಟಲಿಂದ ಮುಳ್ಳು ಕೀಳ್ತಾನೆ, ಹೆಣ ಸೀನಿ ಎದ್ದು ಕೂರುತ್ತೆ! ಒಳಗಿನ ಕಥೆಯವನು ಹೊರಗಿನ ಕಥೆಗೆ ಬಂದು ರಿಪೇರಿ ಮಾಡಿ ಹೋದ.

ಈ ಟೆಕ್ನಿಕ್ ನಮ್ಮ ಪಂಚತಂತ್ರದಿಂದಲೇ ಹೋಗಿದ್ದು ಅಂತಾರಲ್ಲ, ನಿಜಾನಾ?

ಪಂಚತಂತ್ರ ಹೋಗಿದ್ದು ನಿಜ. 6ನೇ ಶತಮಾನದಲ್ಲಿ ಪರ್ಷಿಯಾದ ಬುರ್ಜೋಯ್ ಅದನ್ನ ಪಹ್ಲವಿ ಅನ್ನೋ ಅಲ್ಲಿನ ಹಳೇ ಭಾಷೆಗೆ ತಂದ, 8ನೇ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫಾ ಅದನ್ನ ಅರೇಬಿಕ್ ಮಾಡಿದ. ಕರಟಕ ದಮನಕ ಅಲ್ಲಿ ಕಲೀಲಾ ದಿಮ್ನಾ ಆದ್ರು, ಪುಸ್ತಕದ ಹೆಸರೂ ಅದೇ. ನಮ್ಮ ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರ ಬರೆದಿದ್ದು 1031ರ ಸುಮಾರಿಗೆ, ಅಂದ್ರೆ ಬಾಗ್ದಾದಿನವರು ನಮಗಿಂತ ಮುಂಚೆನೇ ಓದಿ ಮುಗಿಸಿದ್ರು. ಆದ್ರೆ ವಾಟ್ಸಾಪಲ್ಲಿ ಬರುತ್ತಲ್ಲ, ಅರೇಬಿಯನ್ ನೈಟ್ಸ್ ಪೂರ್ತಿ ನಮ್ದೇ ಅಂತ, ಅದು ಸುಮ್ನೆ. ಚೌಕಟ್ಟು ಕಟ್ಟೋ ಐಡಿಯಾ ಇಲ್ಲಿಂದ ಹೋಗಿರಬಹುದು, ಬಳಕೆ ಬೇರೆ. ಪಂಚತಂತ್ರದಲ್ಲಿ ಒಳಗಿನ ಕಥೆ ವಾದಕ್ಕೆ ಸಾಕ್ಷಿ, ನೋಡು ಹಿಂಗೆ ಮಾಡಿದವನು ಕೆಟ್ಟ ಅಂತ. ನೈಟ್ಸಲ್ಲಿ ಅದು ಮೇಲೆ ಹೇಳಿದಂಗೆ ಒತ್ತೆ ಬಿಡಿಸೋ ಹಣ, ಅದರಲ್ಲಿ ನೀತಿ ಇರಲೇಬೇಕು ಅಂತೇನೂ ಇಲ್ಲ, ಅಚ್ಚರಿ ಇದ್ರೆ ಸಾಕು.

ಘೂಲ್ ಅಂದ್ರೆ ರಾಕ್ಷಸ ತಾನೆ? ಮತ್ತೆ ಹೀರೋನ ತಿನ್ನೋದು ಬಿಟ್ಟು ಸಹಾಯ ಯಾಕೆ ಮಾಡುತ್ತೆ?

ನಂಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಮನೆಕಥೆಗಳಲ್ಲಿ ಹೆಚ್ಚಾಗಿ ಬರೋದು ಹೆಣ್ಣು ಘೂಲ್, ಘೂಲಾ. ಕೆದರಿದ ಕೂದಲು, ಬೀಸೋಕಲ್ಲ ಮುಂದೆ ಕೂತು ಬೀಸ್ತಿರ್ತಾಳೆ, ಉದ್ದ ಮೊಲೆಗಳನ್ನ ಎರಡೂ ಹೆಗಲ ಮೇಲಿಂದ ಹಿಂದಕ್ಕೆ ಹಾಕ್ಕೊಂಡು. ಹುಡುಗ ಎರಡರಲ್ಲಿ ಒಂದು ಕೆಲಸ ಮಾಡ್ತಾನೆ. ಒಂದು, ಅವಳು ಬಾಯಿ ಬಿಡೋಕೆ ಮುಂಚೆ "ಅಸ್ಸಲಾಮು ಅಲೈಕುಂ" ಅಂತಾನೆ. ಆಗ ಅವಳು ಹೇಳೋ ಮಾತು ಸಿರಿಯಾ, ಪ್ಯಾಲೆಸ್ಟೈನ್ ಕಡೆ ಮಕ್ಕಳಿಗೆಲ್ಲ ಬಾಯಿಪಾಠ: "ನಿನ್ನ ಸಲಾಮು ನಿನ್ನ ಕಲಾಮಿಗಿಂತ ಮುಂಚೆ ಬರದೇ ಹೋಗಿದ್ರೆ, ನಿನ್ನ ಮೂಳೆ ಮುರಿಯೋ ಸದ್ದು ಬೆಟ್ಟಗಳಿಗೆಲ್ಲ ಕೇಳಿಸ್ತಿತ್ತು." ಕಲಾಮು ಅಂದ್ರೆ ಮಾತು. ಇನ್ನೊಂದು ದಾರಿ ಏನಂದ್ರೆ, ಹಿಂದಿಂದ ಮೆಲ್ಲಗೆ ಬಂದು ಅವಳ ಮೊಲೆಗೆ ಬಾಯಿ ಹಾಕಿ ಒಂದು ಗುಟುಕು ಹಾಲು ಕುಡಿದುಬಿಡೋದು. ಮುಗೀತು, ಈಗ ಅವನು ಅವಳ ಮಗ. ತಿನ್ನಂಗಿಲ್ಲ.

ಇದು ಬರೀ ಕಲ್ಪನೆ ಅಲ್ಲ. ಇಸ್ಲಾಮಿನ ಕಾನೂನಲ್ಲಿ ಹಾಲುಸಂಬಂಧ ಅಂತ ಇದೆ, ಒಬ್ಬಳ ಹಾಲು ಕುಡಿದು ಬೆಳೆದ ಮಕ್ಕಳು ಅಣ್ಣತಂಗಿ ಲೆಕ್ಕ, ಮದುವೆ ಆಗಂಗಿಲ್ಲ. ಕಾನೂನಿಗೆ ಕೂಸಾಗಿದ್ದಾಗ ಕುಡಿದಿರಬೇಕು, ಕಥೆಗೆ ಅದೆಲ್ಲ ಬೇಕಿಲ್ಲ, ಮೀಸೆ ಬಂದವನು ಒಂದು ಗುಟುಕು ಕುಡಿದ್ರೂ ನಡೆಯುತ್ತೆ. ನಂಗೆ ಅನ್ಸೋದು, ಇಡೀ ಈ ಕಥೆಲೋಕದ ಕೀಲಿಕೈ ಇಲ್ಲೇ ಇದೆ. ಘೂಲಾ ಒಳ್ಳೆಯವಳಾ ಕೆಟ್ಟವಳಾ ಅನ್ನೋದಕ್ಕೆ ಅವಳ ಸ್ವಭಾವದಲ್ಲಿ ಉತ್ತರ ಇಲ್ಲ, ನೀನು ಅವಳಿಗೆ ಏನಾಗಬೇಕು ಅನ್ನೋದರಲ್ಲಿದೆ. ಸಂಬಂಧ ಇಲ್ಲದವನು ಊಟ, ಸಂಬಂಧ ಇರೋನು ಮಗ. ಮಗನಾದ್ಮೇಲೆ ಅವಳೇ ದಾರಿ ಹೇಳಿ ತನ್ನ ಅಕ್ಕನ ಹತ್ರ ಕಳಿಸ್ತಾಳೆ, ಅಕ್ಕ ಇನ್ನೊಬ್ಬಳ ಹತ್ರ, ಮೂರನೇ ಅಕ್ಕನಿಗೆ ಮಾತ್ರ ನಿಜವಾದ ಗುಟ್ಟು ಗೊತ್ತಿರುತ್ತೆ. ಮೂರು ಸಲ ಅದೇ ಮಾತು ಬರೋದ್ರಿಂದ ಮಕ್ಕಳೂ ಜೊತೆಗೆ ಹೇಳೋಕೆ ಶುರು ಮಾಡ್ತಾವೆ.

ಎಲ್ಲಾ ಕಥೇಲೂ ಅವೇ ಹೆಸರು ಬರುತ್ತೆ, ಪಾತ್ರಗಳಿಗೆ ಒಂದು ಪರ್ಸನಾಲಿಟಿನೇ ಇಲ್ವಲ್ಲ?

ಇಲ್ಲ, ಇರಬೇಕಿಲ್ಲ. ಈಜಿಪ್ಟಲ್ಲಿ ಹುಡುಗ ಅಂದ್ರೆ ಶಾತಿರ್ ಹಸನ್, ಚುರುಕು ಹಸನ್, ಹುಡುಗಿ ಅಂದ್ರೆ ಸಿತ್ ಅಲ್ ಹುಸ್ನ್, ಚೆಲುವಿನ ಒಡತಿ. ಹೆಸರಲ್ಲ ಅವು, ಕುರ್ಚಿ. ಯಾರು ಬೇಕಾದ್ರೂ ಕೂರಬಹುದು. ತೂಕ ಇರೋದು ನಂಟಿನ ಹೆಸರುಗಳಿಗೆ: ಚಿಕ್ಕಪ್ಪನ ಮಗಳು, ಸವತಿ, ಅತ್ತಿಗೆ, ಅಣ್ಣ. ಪ್ಯಾಲೆಸ್ಟೈನಲ್ಲಿ ಅರ್ಧಮನುಷ್ಯನ ಕಥೆ ಇದೆ, ನುಸ್ಸ್ ನ್ಸೇಸ್ ಅಂತ. ಮಕ್ಕಳಾಗದ ಹೆಂಡತಿಯರಿಗೆ ಅಂತ ತಂದ ದಾಳಿಂಬೆಯಲ್ಲಿ ಒಬ್ಬಳ ಪಾಲಿನದ್ದರಲ್ಲಿ ಅರ್ಧಾನ ಗಂಡ ದಾರೀಲೇ ತಿಂದುಬಿಡ್ತಾನೆ, ಅವಳಿಗೆ ಅರ್ಧ ದೇಹದ ಮಗ ಹುಟ್ತಾನೆ. ಹಂಗೆ ಮೋಸ ಆಗಿದ್ದು ಚಿಕ್ಕಪ್ಪನ ಮಗಳಾದ ಹೆಂಡತಿಗೆ, ಅಲ್ಲಿ ಅದು ಎಲ್ಲಕ್ಕಿಂತ ಮರ್ಯಾದೆಯ ನಂಟು. ಕೇಳೋರಿಗೆ ಅಲ್ಲೇ ಗೊತ್ತಾಗಿಬಿಡುತ್ತೆ, ಈ ಅರ್ಧದವನೇ ಪೂರ್ತಿ ಇರೋ ಅಣ್ಣಂದಿರನ್ನ ಮೀರಿಸೋದು ಅಂತ.

ಹೆಣ್ಣುಮಕ್ಕಳು ರಾಜಕುಮಾರನಿಗೆ ಕಾಯ್ತಾ ಕೂರೋದೇ ಆಯ್ತಲ್ಲ ಇದರಲ್ಲೂ?

ಆಲಿಬಾಬಾನೇ ಮತ್ತೊಂದು ಸಲ ಓದಿ. ಆಲಿಬಾಬಾ ಮಾಡಿದ್ದು ಮರ ಹತ್ತಿ ಕದ್ದು ಕೇಳಿಸ್ಕೊಂಡಿದ್ದು, ಅಷ್ಟೇ. ಅವನ ಅಣ್ಣ ಕಾಸಿಂ ಗುಹೆ ಒಳಗೆ ನಿಂತು ಬಾಗಿಲು ತೆಗೆಯೋ ಮಂತ್ರದ "ಎಳ್ಳು" ಅನ್ನೋ ಪದ ಮರೆತು, ಬಾರ್ಲಿ ಅದು ಇದು ಅಂತ ಧಾನ್ಯದ ಅಂಗಡಿ ಲಿಸ್ಟೇ ಓದಿ ಸತ್ತ. ಕಳ್ಳರು ಬಾಗಿಲ ಮೇಲೆ ಹಾಕಿದ ಗುರುತು ನೋಡಿ ಅಕ್ಕಪಕ್ಕದ ಬಾಗಿಲುಗಳಿಗೂ ಅದೇ ಗುರುತು ಹಾಕಿದ್ದು, ಜಾಡಿಗಳಲ್ಲಿ ಕೂತ 37 ಕಳ್ಳರಿಗೆ ಕಾದ ಎಣ್ಣೆ ಸುರಿದಿದ್ದು, ಡ್ಯಾನ್ಸ್ ಮಾಡ್ತಾ ಮಾಡ್ತಾ ನಾಯಕನ ಎದೆಗೆ ಕಠಾರಿ ಹಾಕಿದ್ದು ಎಲ್ಲಾ ಕೆಲಸದಾಕೆ ಮರ್ಜಾನಾ. ಟೈಟಲಲ್ಲಿ ಅವಳ ಹೆಸರಿಲ್ಲ ಪಾಪ.

ಹೆಂಗಸರೇ ಹೇಳೋ ಕಥೆಗಳಲ್ಲಿ ಇದು ಇನ್ನೂ ಗಟ್ಟಿ. ಜ್ಬೇನೆ ಕಥೆ ನೋಡಿ, ಜ್ಬೇನೆ ಅಂದ್ರೆ ಪುಟ್ಟ ಗಿಣ್ಣು, ಚೀಸ್. ಈ ಚೀಸಿನಷ್ಟು ಬೆಳ್ಳಗಿನ ಮಗಳು ಕೊಡು ದೇವರೇ ಅಂತ ಅಮ್ಮ ಕೇಳಿ ಹಡೆದ ಮಗು. ಹೊಟ್ಟೆಕಿಚ್ಚಿಗೆ ಊರ ಹುಡುಗಿಯರು ಹಣ್ಣು ಕೀಳೋಕೆ ಕರ್ಕೊಂಡು ಹೋಗಿ ಮರದ ಮೇಲೇ ಬಿಟ್ಟುಬರ್ತಾರೆ. ಅವಳು ಮೈಗೆಲ್ಲ ಕಪ್ಪು ಬಳ್ಕೊಂಡು ರಾಜನ ಮನೇಲಿ ಕುರಿ ಕಾಯೋಕೆ ಸೇರ್ತಾಳೆ, ಗುಡ್ಡದ ಮೇಲೆ ಹಾರೋ ಹಕ್ಕಿಗಳನ್ನ ನೋಡಿ ನನ್ನ ಅಪ್ಪ ಅಮ್ಮಂಗೆ ಸಲಾಮು ಹೇಳಿ, ಜ್ಬೇನೆ ಈಗ ಕುರಿ ಒಂಟೆ ಕಾಯ್ತಾಳೆ, ದ್ರಾಕ್ಷಿಬಳ್ಳಿ ಕೆಳಗೆ ಮಧ್ಯಾಹ್ನ ಕಳೀತಾಳೆ ಅಂತ ಹಾಡ್ತಾಳೆ. ಹಕ್ಕಿ ಅಳ್ತಾವೆ, ಕುರಿ ಮೇವು ಬಿಟ್ಟು ಅಳ್ತಾವೆ, ಒಂಟೆ ಅಳ್ತಾವೆ. ಮೇವಿಗೆ ಹೋದ ಪ್ರಾಣಿಗಳು ದಿನಾ ಸಣ್ಣಗಾಗ್ತಿರೋದು ನೋಡಿ ರಾಜನ ಮಗನಿಗೆ ಡೌಟ್ ಬರುತ್ತೆ. ಕತ್ತಿಯಲ್ಲ, ಕುರಿ ತೂಕ ಇಳಿದಿದ್ದು ಇಲ್ಲಿ ಕ್ಲೈಮ್ಯಾಕ್ಸ್.

ಇನ್ನೂ ಒಂದು, ಹುಡುಗರ ಕಥೆ ಮದುವೆಗೆ ಮುಗಿಯುತ್ತೆ, ಹೆಂಗಸರ ಕಥೆ ಎಷ್ಟೋ ಸಲ ಮದುವೆಯಿಂದ ಶುರುವಾಗುತ್ತೆ, ಅತ್ತೆ, ಸವತಿ, ಕಳೆದುಹೋದ ಕೂಸು ಎಲ್ಲಾ ಆಮೇಲೆ. ಎ.ಕೆ. ರಾಮಾನುಜನ್ ನಮ್ಮ ಕನ್ನಡದ ಅಜ್ಜಿಕಥೆಗಳ ಬಗ್ಗೆ ಹೆಚ್ಚುಕಡಿಮೆ ಇದನ್ನೇ ಹೇಳಿದ್ರು. ಆ ಊರಿಗೂ ಈ ಊರಿಗೂ ಅಡುಗೆಮನೆ ಒಂದೇ ಇರಬೇಕು.

ಕಥೇಲಿ ಮುದುಕಿ ಬಂದ್ರೆ ಒಳ್ಳೆಯದಾ ಕೆಟ್ಟದ್ದಾ?

ಯಾರು ಕಳಿಸಿದಾರೆ ನೋಡಿ. ತಾನಾಗೇ ಬಂದು ನೀರು ಕೇಳಿದ್ರೆ ಒಳ್ಳೇದು ಆಗೋ ಚಾನ್ಸ್ ಜಾಸ್ತಿ, ಜಪಮಣಿ ಹಿಡ್ಕೊಂಡು ತುಂಬಾ ದೇವರ ಹೆಸರು ಹೇಳ್ತಾ ಮನೆ ಒಳಗೆ ಬಂದ್ರೆ ಯಾರೋ ದುಡ್ಡು ಕೊಟ್ಟಿದಾರೆ.

## ಆಳಕ್ಕೆ ಇಳಿದೋರು ಕೇಳೋವು

ಪ್ರಾಪ್ ಫಾರ್ಮುಲಾ ಅರೇಬಿಕ್ ಕಥೆಗೆ ಫಿಟ್ ಆಗುತ್ತಾ? ಎಕ್ಸಾಮ್‌ಗೆ ಬೇಕು.

ವ್ಲಾದಿಮಿರ್ ಪ್ರಾಪ್ ಅನ್ನೋ ರಷ್ಯನ್ ವಿದ್ವಾಂಸ 1928ರಲ್ಲಿ ರಷ್ಯಾದ ಮಾಯಾಕಥೆಗಳನ್ನ ಇಟ್ಕೊಂಡು 31 ಕ್ರಿಯೆ, 7 ಪಾತ್ರ ಅಂತ ಹೇಳಿದ: ಖಳ, ದಾನಿ, ಸಹಾಯಕ, ರಾಜಕುಮಾರಿ ಮತ್ತವಳ ಅಪ್ಪ, ಕಳಿಸೋನು, ನಾಯಕ, ಸುಳ್ಳುನಾಯಕ. ಶಾತಿರ್ ಹಸನ್ ಥರದ ಕಥೆಗೆ ಇದು ಕೈಗವಸಿನಂಗೆ ಕೂರುತ್ತೆ, ಕಾಯಿಲೆ ಬಿದ್ದು ಮದ್ದಿನ ಹಣ್ಣು ತರೋಕೆ ಅಟ್ಟೋ ರಾಜ ಕಳಿಸೋನು, ಹಸನ್ ಕೈಯಿಂದ ಹಣ್ಣು ಕಿತ್ಕೊಂಡು ತಾವೇ ತಂದ್ವಿ ಅನ್ನೋ ಅಣ್ಣಂದಿರು ಸುಳ್ಳುನಾಯಕರು. ಘೂಲಾನ ಕೂಡ ಪ್ರಾಪ್ ಲೆಕ್ಕದಲ್ಲಿ ದಾನಿ ಅನ್ನಬಹುದು, ಸಲಾಮು ಹೇಳೋದು ದಾನಿ ಇಡೋ ಪರೀಕ್ಷೆ. ಒಬ್ಬರೇ ಎರಡು ಪಾತ್ರ ಮಾಡೋಕೂ ಅವನು ಜಾಗ ಬಿಟ್ಟಿದಾನೆ. ಆದ್ರೆ ಪಾತ್ರ ಬದಲಾಯ್ತು ಅಂತ ಪ್ರಾಪ್ ತೋರಿಸ್ತಾನೆ, ಒಂದು ಗುಟುಕು ಹಾಲಿಗೆ ಯಾಕೆ ಬದಲಾಯ್ತು ಅಂತ ಗೊತ್ತಾಗ್ಬೇಕಂದ್ರೆ ಆ ಮನೆಯ ರೀತಿ ರಿವಾಜು ಗೊತ್ತಿರ್ಬೇಕು. ಮತ್ತೆ ಜೀವಕ್ಕೆ ಬದಲು ಕಥೆ ಕೊಡೋ ಕಥೆಗಳಲ್ಲಿ ಪ್ರಾಪ್ ಕೆಲಸಕ್ಕೇ ಬರಲ್ಲ, ಅಲ್ಲಿ ಹೀರೋ ಕೂತಲ್ಲಿಂದ ಏಳೋದೇ ಇಲ್ಲ, ಕೆಲಸ ಎಲ್ಲ ಬಾಯಿಂದ.

ಅಣ್ಣತಂಗಿ ಕಥೆ ಇಷ್ಟೊಂದು ಯಾಕೆ? ಗಂಡಹೆಂಡತಿಗಿಂತ ಜಾಸ್ತಿ ಇದೆ ಅನ್ಸುತ್ತೆ.

ಈಜಿಪ್ಟ್ ಮೂಲದ ಹಸನ್ ಅಲ್ ಶಾಮಿ ಅನ್ನೋ ವಿದ್ವಾಂಸರು ವರ್ಷಗಟ್ಟಲೆ ಇದನ್ನೇ ಹೇಳ್ಕೊಂಡು ಬಂದಿದಾರೆ. 2004ರಲ್ಲಿ ಅರಬ್ ಜಗತ್ತಿನ ಕಥಾಮಾದರಿಗಳ ದೊಡ್ಡ ಸೂಚಿ ತಂದವರು. ಅವರ ಪ್ರಕಾರ ಅರಬ್ ಕುಟುಂಬದ ಭಾವನೆಯ ನಡುಗಂಬ ಅಣ್ಣತಂಗಿ ನಂಟು. ಕೈ ಕತ್ತರಿಸಿದ ತಂಗಿ ಕಥೆ ಕೇಳಿ: ಅತ್ತಿಗೆ ಚಾಡಿ ಹೇಳ್ತಾಳೆ, ಅಣ್ಣ ತಂಗೀನ ಕಾಡಿಗೆ ಕರ್ಕೊಂಡು ಹೋಗಿ ಕೈ ಕಡೀತಾನೆ. ಅವಳು ಶಾಪ ಹಾಕ್ತಾಳೆ, ನಿನ್ನ ಕಾಲಿಗೆ ಮುಳ್ಳು ಚುಚ್ಚಲಿ, ನನ್ನ ಕೈ ಬಿಟ್ಟು ಬೇರೆ ಯಾರ ಕೈಗೂ ಅದು ಬರದೇ ಇರ್ಲಿ. ನೋಡಿ ಶಾಪ ಹೆಂಗಿದೆ, ಶಿಕ್ಷೆನೂ ಅದೇ, ಮತ್ತೆ ಭೇಟಿ ಆಗೋಕೆ ದಾರಿನೂ ಅದೇ. ಅವಳ ಕೈ ವಾಪಸ್ ಬಂದ್ಮೇಲೆ ಮುಳ್ಳು ತೆಗೆಯೋದೂ ಅವಳೇ.

ಸೀರಾ ಅಂದ್ರೆ ಉದ್ದ ಹಿಕಾಯೆನಾ?

ಅಲ್ಲ, ಬೇರೆ ಜಾತಿ. ಸೀರಾ ಅಂದ್ರೆ ವೀರರ ದೊಡ್ಡ ಕಥೆ, ಗಂಡಸರದ್ದು, ಬೀದಿಯದ್ದು, ಕಾಫಿ ಅಂಗಡಿಯದ್ದು. ಬನೀ ಹಿಲಾಲ್ ಬುಡಕಟ್ಟಿನ ಸೀರಾನ ಈಜಿಪ್ಟಲ್ಲಿ ರಬಾಬ್ ಅನ್ನೋ ತಂತಿವಾದ್ಯ ನುಡಿಸ್ಕೊಂಡು ರಾತ್ರಿಗಟ್ಟಲೆ ಹಾಡ್ತಾರೆ. ಡಮಾಸ್ಕಸಲ್ಲಿ ಹಕವಾತಿ, ಅಂದ್ರೆ ಕಥೆ ಹೇಳೋನು, ಎತ್ತರದ ಕುರ್ಚಿ ಮೇಲೆ ಕೂತು ಸುಲ್ತಾನ ಬೈಬರ್ಸ್ ಕಥೆಯನ್ನೋ ಅಂತರ್ ಅನ್ನೋ ವೀರನ ಕಥೆಯನ್ನೋ ಓದ್ತಿದ್ದ, ಹೀರೋ ಜೈಲಿಗೆ ಬಿದ್ದಾಗ ಕರೆಕ್ಟಾಗಿ ಪುಸ್ತಕ ಮುಚ್ಚಿ ನಾಳೆ ಬನ್ನಿ ಅಂತಿದ್ದ. ಒಬ್ಬನಿಗೆ ನಿದ್ದೆ ಬರದೆ ಅರ್ಧರಾತ್ರಿ ಹಕವಾತಿ ಮನೆ ಬಾಗಿಲು ಬಡಿದು, ಮೊದಲು ಅಂತರ್‌ನ ಬಿಡುಗಡೆ ಮಾಡು ಆಮೇಲೆ ಮಲಗು ಅಂದನಂತೆ. ಸೀರಿಯಲ್ ನೋಡೋ ನಮ್ಮನೆಯವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ.

ನೈಟ್ಸಲ್ಲಿ ಕಪ್ಪು ಗುಲಾಮ ಯಾವಾಗ್ಲೂ ಕೆಟ್ಟವನೇ. ಇದು ರೇಸಿಸಂ ಅಲ್ವಾ?

ಹೌದು. ಚೌಕಟ್ಟಿನ ಕಥೆಯಲ್ಲೇ ರಾಣಿ ಸಿಕ್ಕಿಬೀಳೋದು ಕಪ್ಪು ಗುಲಾಮನ ಜೊತೆ, ಕೇಳೋರ ಅಸಹ್ಯಾನ ಲೆಕ್ಕ ಹಾಕೇ ಇಟ್ಟ ಪಾತ್ರ ಅದು. ಅದನ್ನ ಮುಚ್ಚಿಡೋದು ಬೇಡ. ಆದ್ರೆ ಅದೇ ಭಾಷೆಯ ಸೀರಾಗಳ ದೊಡ್ಡ ಹೀರೋಗಳಲ್ಲಿ ಇಬ್ಬರು ಕಪ್ಪು. ಅಂತರ್‌ನ ತಾಯಿ ಇಥಿಯೋಪಿಯಾದ ದಾಸಿ, 6ನೇ ಶತಮಾನದ ನಿಜವಾದ ಕವಿ ಅವನು. ಇನ್ನೊಬ್ಬ ಬನೀ ಹಿಲಾಲ್ ಸೀರಾದ ಅಬೂ ಜೈದ್ ಹಿಲಾಲಿ. ಅವನ ತಾಯಿ ಖದ್ರಾ, ಬೇರೆ ಹಕ್ಕಿಗಳನ್ನೆಲ್ಲ ಓಡಿಸಿದ ಒಂದು ಕಪ್ಪು ಹಕ್ಕಿ ನೋಡಿ ಇಂಥಾ ಮಗ ಬೇಕು ಅಂತ ಬೇಡ್ಕೊಂಡಳು, ಕಪ್ಪು ಮಗ ಹುಟ್ಟಿದ, ಗಂಡ ಅನುಮಾನ ಪಟ್ಟು ಇಬ್ಬರನ್ನೂ ಹೊರಗೆ ಹಾಕಿದ. ಅಲ್ಲಿ ಬಣ್ಣಾನೇ ಕಥೆಯ ಸಮಸ್ಯೆ.

ಶಹರಜಾದ್ ಹೀರೋಯಿನ್ನಾ, ಸಹಾಯಕಳಾ, ನಿರೂಪಕಿನಾ? ಅವಳನ್ನ ಯಾವ ಪಾತ್ರ ಅನ್ನಬೇಕು?

ಮೂರೂ. ಆದ್ರೆ ಎಲ್ಲರೂ ಅವಳನ್ನೇ ಕೇಳ್ತಾರೆ, ತಂಗಿ ದುನ್ಯಾಜಾದ್ ಬಗ್ಗೆ ಒಬ್ರೂ ಕೇಳಲ್ಲ. ಪ್ಲ್ಯಾನ್ ಪೂರ್ತಿ ನಿಂತಿರೋದು ಅವಳ ಮೇಲೆ. ಶಹರಜಾದ್ ತಾನಾಗೇ ಕಥೆ ಶುರು ಮಾಡಂಗಿಲ್ಲ, ರಾಜನಿಗೆ ಅನುಮಾನ ಬರುತ್ತೆ. ಅದಕ್ಕೇ ಮದುವೆ ರಾತ್ರಿ ತಂಗೀನ ಕರೆಸ್ಕೊಳ್ತಾಳೆ, ತಂಗಿ ಮಂಚದ ಹತ್ರ ಕಾದು ಕೂತು, ಅಕ್ಕಾ ನಿದ್ದೆ ಬರ್ತಿಲ್ಲ ಅಂದ್ರೆ ಒಂದು ಕಥೆ ಹೇಳು ಅಂತಾಳೆ. ಬೆಳಗಾಗುವಾಗ ಕಥೆ ಅರ್ಧಕ್ಕೆ ನಿಲ್ಲುತ್ತೆ, ತಂಗಿ ಮತ್ತೆ ಬಾಯಿ ಬಿಡ್ತಾಳೆ, ಎಷ್ಟು ಚೆನ್ನಾಗಿತ್ತಕ್ಕಾ. ಅಕ್ಕ ಅಂತಾಳೆ, ಇದೇನು ಮಹಾ, ರಾಜರು ನನ್ನ ಉಳಿಸಿದ್ರೆ ನಾಳೆ ಹೇಳೋದು ಇದಕ್ಕಿಂತ ಚೆನ್ನಾಗಿರುತ್ತೆ. ನಮ್ಮ ಕಡೆ ಕಥೆ ಹೇಳುವಾಗ ಹೂಂಗುಟ್ಟೋಕೆ ಒಬ್ರು ಬೇಕು ಅಂತೀವಲ್ಲ, ಹೂಂ ನಿಂತ್ರೆ ಅಜ್ಜಿ ಕಥೆ ನಿಲ್ಲಿಸ್ತಿದ್ಲು. ದುನ್ಯಾಜಾದ್ ಆ ಹೂಂ. ಗ್ಯಾಲಾಂ ಹತ್ರ ಇದ್ದ ಸಿರಿಯಾದ ಹಳೇ ಹಸ್ತಪ್ರತಿ 282ನೇ ರಾತ್ರಿ ಹೊತ್ತಿಗೆ ಅರ್ಧಕ್ಕೇ ನಿಂತುಹೋಗಿದೆ, ರಾಜ ಕ್ಷಮಿಸಿದ್ನಾ ಇಲ್ವಾ ಅಂತ ಅದರಲ್ಲಿ ಇಲ್ಲ. ಅಕ್ಕ ಇನ್ನೂ ಹೇಳ್ತಿದಾಳೆ, ತಂಗಿ ಇನ್ನೂ ಮಂಚದ ಹತ್ರಾನೇ ಕೂತಿದಾಳೆ.